ಸದ್ದಿಲ್ಲದ ಬೀದಿಯ ಬಾಡಿಗೆ

ನನ್ನ ಗಂಡ "ಹಾಗಾ" ಎನ್ನುವುದರಲ್ಲಿ ಏಳು ಬಗೆಗಳಿವೆ. ಊಟಕ್ಕೆ ಉಪ್ಪು ಜಾಸ್ತಿಯಾದಾಗ ಬರುವ ಹಾಗಾ ಬೇರೆ, ನನ್ನ ತವರಿನವರು ನಾಳೆ ಬರುತ್ತಾರಂತೆ ಎಂದಾಗ ಬರುವ ಹಾಗಾ ಬೇರೆ. ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಇವೆಲ್ಲ ಬಾಯಿಪಾಠ ಎಂದು ನಾನು ಜಂಬ ಪಡುತ್ತಿದ್ದೆ. ಊರು ಬದಲಿಸುವ ಗಡಿಬಿಡಿಯಲ್ಲಿ ಅವರು ಫೋನಿನಲ್ಲಿ ಅಂದ ಒಂದು ಹಾಗಾ ಯಾವ ಬಗೆಯದು ಎಂದು ಮಾತ್ರ ನಾನು ಕಿವಿಗೊಡಲಿಲ್ಲ. ನನ್ನ ಆ ತಪ್ಪಿಗೆ ಬೆಲೆ ತೆತ್ತವರು ಅವರು.

ಅವರಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಕೆಲಸ ಆಸ್ಪತ್ರೆಯಲ್ಲಿ, ಟೆಲಿಫೋನ್ ಆಪರೇಟರ್. ಇನ್ನೂರ ನಲವತ್ತು ಒಳನಂಬರುಗಳು ಬೆರಳ ತುದಿಯಲ್ಲಿವೆ. "ಹಲೋ" ಎನ್ನುವ ದನಿಯಲ್ಲೇ ಕರೆ ಮಾಡಿದವರಿಗೆ ಹೆರಿಗೆ ವಾರ್ಡು ಬೇಕೋ ಬಿಲ್ಲು ಕಟ್ಟುವ ಕೌಂಟರು ಬೇಕೋ ಹೇಳಿಬಿಡುತ್ತಾರೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಕಾಲಲ್ಲಿ ತುಳಿಯುವ ಹಳೇ ಮಷೀನು, ಓಡುವಾಗ ಮನೆಯೇ ಅದುರುತ್ತದೆ. ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಇವತ್ತು ದಪ್ಪ ಬಟ್ಟೆನಾ? ಕಷ್ಟಪಡ್ತಿದೆ ಮಷೀನು," ಎನ್ನುತ್ತಿದ್ದರು. ರೇಷ್ಮೆಯೋ ಹತ್ತಿಯೋ ಎನ್ನುವುದನ್ನೂ ಹೊಸ್ತಿಲಲ್ಲಿ ನಿಂತೇ ಹೇಳುತ್ತಿದ್ದರು. ನನ್ನನ್ನು ಅವರು ಕರೆಯುವುದು ಗಡಿಬಿಡಿ ಎಂದು. ಯಾಕೆ ಎಂದು ನನ್ನನ್ನು ಬಲ್ಲವರು ಯಾರೂ ಕೇಳಿಲ್ಲ.

ಮೂರನೆಯವರು ಅತ್ತೆ. ಎಪ್ಪತ್ತೆರಡು ವರ್ಷ, ಬಾಯಿಗೆ ಇಪ್ಪತ್ತೆರಡು. ಅವರ ಸೊಂಟದಲ್ಲಿ ಸದಾ ಹನ್ನೊಂದು ಕೀಲಿಗಳ ಗೊಂಚಲು ಜಣಜಣ ಎನ್ನುತ್ತಿರುತ್ತದೆ. ನಮ್ಮ ಮನೆಯಲ್ಲಿ ಇದ್ದ ಬೀಗ ಒಂದೇ. ಯಜಮಾನಿಕೆ ತೋರಿಸುವುದಕ್ಕೆ ಈ ಮುದುಕಿ ಊರಿನ ಕೀಲಿಗಳನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡಿದ್ದಾಳೆ ಎಂದು ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಒಂದೆರಡು ಸಲ ಬಾಯಿಬಿಟ್ಟೂ ಅಂದಿದ್ದೇನೆ.

ದೊಡ್ಡ ನಗರದಲ್ಲಿ ನಾವು ಮೂವರೂ ಇದ್ದದ್ದು ಒಂದು ಕೋಣೆ, ಒಂದು ಅಡುಗೆಮೂಲೆಯಲ್ಲಿ. ಮನೆಯ ಮಾಲೀಕ ಪ್ರತಿ ವರ್ಷ ನಗುನಗುತ್ತಲೇ ಬಾಡಿಗೆ ಏರಿಸುತ್ತಿದ್ದ. ಕೊನೆಗೆ ಗಂಡನ ಸಂಬಳದ ಮುಕ್ಕಾಲು ಪಾಲು ಅವನ ಜೇಬಿಗೆ, ಉಳಿದ ಕಾಲುಪಾಲಿನಲ್ಲಿ ನಾವು ಮೂವರು ಬದುಕಬೇಕು ಎನ್ನುವಲ್ಲಿಗೆ ಬಂದು ನಿಂತಿತು. ಅದೇ ಹೊತ್ತಿಗೆ ಆಸ್ಪತ್ರೆಯವರು ದೂರದ ಒಂದು ಮಧ್ಯಮ ಗಾತ್ರದ ಊರಿನಲ್ಲಿ ಹೊಸ ಶಾಖೆ ತೆರೆದರು. ಹೋಗಲು ಒಪ್ಪಿದವರಿಗೆ ಅದೇ ಸಂಬಳ, ಅದೇ ಕುರ್ಚಿ. ಅಲ್ಲಿ ಬಾಡಿಗೆ ಇಲ್ಲಿಯ ಅರ್ಧಕ್ಕಿಂತ ಕಡಿಮೆ ಎಂದು ಕೇಳಿದ ದಿನ ನಾನು ಮಷೀನಿನ ಮೇಲೆ ತಲೆಯಿಟ್ಟು ಸಮಾಧಾನದಿಂದ ಅತ್ತುಬಿಟ್ಟೆ.

ಮೂವರೂ ಕೂತು ಹೊಸ ಮನೆ ಹೇಗಿರಬೇಕು ಎಂದು ಮಾತಾಡಿದೆವು. ಅತ್ತೆಗೆ ಮೆಟ್ಟಿಲು ಹತ್ತದೆ ಸಿಗುವ ಬಚ್ಚಲು ಬೇಕಿತ್ತು. ನನಗೆ ಬಿಸಿಲು ಬರುವ ಅಡುಗೆಮನೆ, ಇಬ್ಬರು ನಿಂತರೆ ಮೊಣಕೈ ತಾಗದಂಥದ್ದು. ಅವರನ್ನು ಕೇಳಿದರೆ ಒಂದೇ ಮಾತು.

"ಕೆಲಸಕ್ಕೆ ನಾನೊಬ್ಬನೇ ನಡ್ಕೊಂಡು ಹೋಗಿ ಬರೋ ಹಾಗಿರ್ಬೇಕು. ಅಷ್ಟೇ ನಂದು."

ಆ ಒಂದು ಮಾತಿನ ಹಿಂದೆ ಎಷ್ಟಿದೆ ಎಂದು ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷ ಯಾರ ಕೈಯನ್ನೂ ಹಿಡಿಯದೆ, ಒಂದು ಕೋಲು ಹಿಡಿದು, ಮೂರು ರಸ್ತೆ ದಾಟಿ ಹೋಗಿ ಬಂದವರು ಅವರು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗಲೂ ಒಬ್ಬರೇ ಬಂದಿದ್ದರು. ನನ್ನ ಅಪ್ಪನಿಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದೇ ಅದರಿಂದ.

ಇನ್ನೊಂದು ವಿಷಯವೂ ನನ್ನ ತಲೆಯಲ್ಲಿತ್ತು. ಎಂಟು ಗಂಟೆ ಕಿವಿಗೆ ಫೋನು ಸಿಕ್ಕಿಸಿಕೊಂಡು ದುಡಿದು ಬಂದ ಮೇಲೆ ಅವರು ಎರಡೂ ಕಿವಿಗಳ ಮೇಲೆ ಅಂಗೈ ಇಟ್ಟುಕೊಂಡು ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದರು. ನಮ್ಮ ಬೀದಿಯ ಗದ್ದಲವೋ ಗದ್ದಲ. ಪಾಪ, ಇವರಿಗೆ ಒಂದು ಸದ್ದಿಲ್ಲದ ಮನೆ ಕೊಡಬೇಕು ಎಂದು ನಾನು ಯಾರಿಗೂ ಹೇಳದೆ ನಿಶ್ಚಯ ಮಾಡಿಕೊಂಡೆ. ಅವರನ್ನು ಒಂದು ಮಾತು ಕೇಳಬೇಕು ಎಂದು ಹೊಳೆಯಲೇ ಇಲ್ಲ. ಪ್ರೀತಿ ಜಾಸ್ತಿಯಾದಾಗ ನನಗೆ ಕೇಳುವ ಅಭ್ಯಾಸ ತಪ್ಪಿಹೋಗುತ್ತದೆ.

ಮನೆ ನೋಡಲು ನಾನೊಬ್ಬಳೇ ಹೋದೆ. ಅವರಿಗೆ ರಜೆ ಸಿಗಲಿಲ್ಲ, ಅತ್ತೆಗೆ ಬಸ್ಸು ಆಗದು. ಬಸ್‌ಸ್ಟ್ಯಾಂಡಿನಲ್ಲಿ ಮನೆ ತೋರಿಸುವ ದಲ್ಲಾಳಿ ಕಾದಿದ್ದ. ಹೆಲ್ಮೆಟ್ಟನ್ನು ತಲೆಗೆ ಹಾಕದೆ ಮೊಣಕೈಗೆ ಬಳೆಯಂತೆ ತೊಟ್ಟುಕೊಂಡ, ವಾಕ್ಯಕ್ಕೆ ಎರಡು ಸಲ "ನಿಶ್ಚಿಂತೆ" ಎನ್ನುವ ಮನುಷ್ಯ.

ಮೊದಲು ತೋರಿಸಿದ್ದು ತಗಡಿನ ಕೆಲಸದವನ ಬೀದಿ. ಅಂಗಡಿಯ ಮುಂದೆ ಅವನು ಬಕೆಟ್ಟು ಬಡಿಯುತ್ತಿದ್ದ. ಅದರ ಎದುರು ಗ್ಯಾರೇಜು, ಗಾಳಿ ತುಂಬುವ ಯಂತ್ರ ಬುಸ್ಸೆಂದು ಉಸಿರುಬಿಡುತ್ತಿತ್ತು. ಮುಂದೆ ಬೇಕರಿ, ಆಮೇಲೆ ಸೋರುವುದು ನಿಲ್ಲದ ಒಂದು ಬೀದಿಯ ನಲ್ಲಿ, ಕಾಲಿಟ್ಟರೆ ಡಬ್ಬೆನ್ನುವ ಚರಂಡಿಯ ಕಲ್ಲು. ಇದೆಲ್ಲ ದಾಟಿದ ಮೇಲೆ ಒಂದೂವರೆ ಕೋಣೆಯ ಮನೆ. ಅಡುಗೆಮನೆಯಲ್ಲಿ ನಾನು ನಿಂತರೆ ಪಾತ್ರೆ ಹೊರಗಿರಬೇಕು. ನಾನು ಕಿವಿ ಮುಚ್ಚಿಕೊಂಡೇ ಬಾಡಿಗೆ ಎಷ್ಟು ಎಂದು ಕೇಳಿದೆ. ಅವನು ಹೇಳಿದ್ದು ನನಗೆ ಕೇಳಿಸಲಿಲ್ಲ, ಮತ್ತೆ ಕೇಳಬೇಕಾಯಿತು. ಅದೂ ಅಗ್ಗವೇನಲ್ಲ. ಅಂಗಡಿ ಬೀದಿಯಲ್ಲವೇ, ವ್ಯಾಪಾರಸ್ಥರು ಗೋದಾಮಿಗೆಂದೇ ಮೇಲೆ ಬಿದ್ದು ತೆಗೆದುಕೊಳ್ಳುತ್ತಾರಂತೆ.

"ಇಲ್ಲಿ ಮನುಷ್ಯರು ಇರ್ತಾರೇನ್ರೀ?" ಎಂದೆ.

"ನಿಶ್ಚಿಂತೆ ಇನ್ನೊಂದಿದೆ ಅಮ್ಮ. ಬನ್ನಿ."

ಇನ್ನೊಂದು ಹೊಸ ಬಡಾವಣೆಯಲ್ಲಿತ್ತು. ಅಗಲವಾದ ಬೀದಿ, ಎರಡೂ ಕಡೆ ಅಳತೆ ಮಾಡಿ ಕಟ್ಟಿದಂಥ ಮನೆಗಳು, ಒಂದೇ ಎತ್ತರದ ಕಾಂಪೌಂಡು, ಒಂದೇ ಬಣ್ಣದ ಗೇಟು. ಅಂಗಡಿ ಇಡಕೂಡದು ಎಂದು ಬಡಾವಣೆಯವರೇ ನಿಯಮ ಮಾಡಿಕೊಂಡಿದ್ದರು. ಒಂದು ಎಲೆ ಉದುರಿದರೂ ಕೇಳಿಸುವಂತಿತ್ತು. ಮನೆಯ ಒಡತಿ ನಿವೃತ್ತ ಹೆಡ್‌ಮಿಸ್ಟ್ರೆಸ್, ಮಹಡಿಯ ಮೇಲೆ ಒಬ್ಬರೇ ಇದ್ದರು. ಕೆಳಗೆ ಎರಡು ಕೋಣೆ, ಮೆಟ್ಟಿಲಿಲ್ಲದ ಬಚ್ಚಲು, ಮತ್ತೆ ಆ ಅಡುಗೆಮನೆ! ಪೂರ್ವಕ್ಕೆ ಎರಡು ಕಿಟಕಿ. ನಾನು ಒಳಗೆ ಹೋಗಿ ಎರಡೂ ಕೈ ಚಾಚಿ ಒಂದು ಸುತ್ತು ತಿರುಗಿದೆ, ಎಲ್ಲೂ ತಾಗಲಿಲ್ಲ. ದಲ್ಲಾಳಿ ಆಚೆ ಮುಖ ಮಾಡಿ ನಕ್ಕ.

ಬಾಡಿಗೆ ಕೇಳಿದಾಗ ಮಾತ್ರ ನನ್ನ ಮುಖ ಸಣ್ಣಗಾಯಿತು. ಹೆಡ್‌ಮಿಸ್ಟ್ರೆಸ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ನಲವತ್ತು ವರ್ಷ ಮಕ್ಕಳ ಗಲಾಟೆ ಕೇಳಿ ಕೇಳಿ ಸಾಕಾಗಿದೆ ನಂಗೆ. ಗದ್ದಲ ಮಾಡದೇ ಇರೋ ಕುಟುಂಬ ಆದ್ರೆ ಬಾಡಿಗೆ ಇಳಿಸ್ತೀನಿ. ನೀವು ಎಷ್ಟು ಜನ?"

"ಮೂರೇ ಜನ. ನಮ್ಮತ್ತೆಗೆ ವಯಸ್ಸಾಗಿದೆ. ನಮ್ಮನೆಯವರು ಜೋರಾಗಿ ಮಾತೇ ಆಡಲ್ಲ."

"ನೀವು?"

"ನಾನೂ ಆಡಲ್ಲ," ಎಂದುಬಿಟ್ಟೆ. ಸುಳ್ಳು ಹೇಳುವಾಗ ನನ್ನ ದನಿ ತಾನೇ ತಗ್ಗುತ್ತದೆ, ಅದು ಅವತ್ತು ಉಪಯೋಗಕ್ಕೆ ಬಂತು. ಅವರು ಬಾಡಿಗೆ ಇಳಿಸಿದರು. ನಮ್ಮ ಕೈಗೆಟುಕುವಷ್ಟೇ ಆಯಿತು.

ಗಂಡನ ಮಾತು ಮರೆತಿರಲಿಲ್ಲ. ಗೇಟಿನಿಂದ ಆಸ್ಪತ್ರೆಯ ಬಾಗಿಲಿಗೆ ವಾಚು ನೋಡಿಕೊಂಡು ನಡೆದೆ. ಹನ್ನೊಂದು ನಿಮಿಷ, ಒಂದೇ ಒಂದು ದೊಡ್ಡ ರಸ್ತೆ. ಅಲ್ಲಿಂದಲೇ ಫೋನು ಮಾಡಿದೆ. "ಹನ್ನೊಂದೇ ನಿಮಿಷ ರೀ! ಬೀದಿ ಎಷ್ಟು ಶಾಂತ ಗೊತ್ತಾ? ಸೂಜಿ ಬಿದ್ರೂ ಕೇಳ್ಸುತ್ತೆ. ಒಂದು ನರಪಿಳ್ಳೆಯ ಸದ್ದೂ ಇಲ್ಲ."

ಆ ಕಡೆಯಿಂದ ಅವರು, "ಹಾಗಾ," ಎಂದರು.

ನಾನು ಮುಂಗಡ ಕೊಟ್ಟು ಸಂಜೆಯ ಬಸ್ಸು ಹತ್ತಿದೆ.

ಸಾಮಾನು ಬಂದಿಳಿದ ದಿನವೇ ಕೊಟ್ಟ ಮಾತು ಉಳಿಸಿಕೊಳ್ಳಲು ನಿಂತೆ. ಮಷೀನನ್ನು ಮುಂದಿನ ಕೋಣೆಯಲ್ಲಿ ಇಡಲಿಲ್ಲ. ಹಿಂದಿನ ಕೋಣೆಯ ಮೂಲೆಗೆ ತಳ್ಳಿ, ಕಾಲುಗಳ ಕೆಳಗೆ ಹಳೇ ಕಂಬಳಿಯನ್ನು ನಾಲ್ಕು ಮಡಿಕೆ ಹಾಕಿದೆ. ಬಾಗಿಲೂ ಮುಚ್ಚಿದೆ. ಅತ್ತೆಗೂ ಹೇಳಿದೆ, "ಅತ್ತೆ, ಆ ಗೊಂಚಲು ತೆಗೆದಿಡಿ. ಮೇಲಿನವರಿಗೆ ತೊಂದ್ರೆ ಆಗುತ್ತೆ."

ಅತ್ತೆ ಜಗಳಕ್ಕೆ ಬರುತ್ತಾರೆ ಎಂದು ಸೆರಗು ಸಿಕ್ಕಿಸಿ ನಿಂತಿದ್ದೆ. ಅವರು ಜಗಳ ಮಾಡಲಿಲ್ಲ. ಗೊಂಚಲನ್ನು ಸೊಂಟದಿಂದ ಬಿಚ್ಚಿ ಕೈಯಲ್ಲಿ ಹಿಡಿದು, ಮಗ ಕೂತಿದ್ದ ಕಡೆ ನೋಡಿದರು.

"ಏನೋ, ತೆಗೀಲಾ?"

"ತೆಗಿಯಮ್ಮ. ಬಾಡಿಗೆ ಇಳ್ಸಿದ್ದಾರಲ್ಲ," ಎಂದರು ಅವರು.

ಗೊಂಚಲು ಡಬ್ಬಿಯೊಂದರ ಒಳಗೆ ಹೋಯಿತು. ನಾನು ಗೆದ್ದೆ ಎಂದುಕೊಂಡೆ.

ಮೊದಲ ಎರಡು ತಿಂಗಳು ನನಗೆ ಸ್ವರ್ಗ. ಬೆಳಗಿನ ಬಿಸಿಲು ಅಡುಗೆಮನೆಯ ನೆಲದ ಮೇಲೆ ಬಂದು ಬೀಳುತ್ತಿತ್ತು, ನಾನು ಕಾಲು ಚಾಚಿ ಅದರಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಹೊಲಿಗೆ ಕೊಡುವವರು ಯಾರೂ ಬರಲಿಲ್ಲ. ಬರದಿದ್ದರೇನು, ಬಾಡಿಗೆ ಕಡಿಮೆಯಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಗಂಡನನ್ನು ಆಂಬುಲೆನ್ಸ್ ಡ್ರೈವರ್ ಒಬ್ಬ ಬೆಳಿಗ್ಗೆ ಮನೆಯ ಮುಂದಿನಿಂದಲೇ ಕರೆದುಕೊಂಡು ಹೋಗುತ್ತಿದ್ದ, ಮಧ್ಯಾಹ್ನ ಮೂರಕ್ಕೆ ಬಿಟ್ಟು ಹೋಗುತ್ತಿದ್ದ. ಬಂದ ಹೊಸತರಲ್ಲೇ ಸ್ನೇಹಿತ ಸಿಕ್ಕನಲ್ಲ ಎಂದು ಖುಷಿಪಟ್ಟೆ. ಕೋಲು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದ್ದುದು ಕಣ್ಣಿಗೆ ಬಿದ್ದಿತ್ತು. ಬಿದ್ದದ್ದು ಅಷ್ಟೇ, ತಲೆಗೆ ಹೋಗಲಿಲ್ಲ.

ಅವರು ಮನೆಯೊಳಗೂ ಒಂದಿಷ್ಟು ಬದಲಾಗಿದ್ದರು. ಕೋಣೆಯ ನಡುವೆ ನಿಂತು, "ಅಮ್ಮ ಎಲ್ಲಿದ್ದೀಯ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಹಳೇ ಮನೆಯಲ್ಲಿ ಆ ಪ್ರಶ್ನೆ ನಾನು ಒಂದು ದಿನವೂ ಕೇಳಿರಲಿಲ್ಲ. ವಯಸ್ಸಾಯಿತು, ಅಮ್ಮನ ಮೇಲೆ ಮಮತೆ ಹೆಚ್ಚಾಗಿದೆ ಎಂದುಕೊಂಡೆ. ನನ್ನ ಜಾಣತನಕ್ಕೆ ಏನು ಹೇಳಲಿ.

ಒಂದು ದಿನ ಡ್ರೈವರ್ ರಜೆ ಹಾಕಿದ. ಗಂಡ ಬೆಳಿಗ್ಗೆ ನನ್ನ ಜೊತೆ ಹೋದರು. ಮಧ್ಯಾಹ್ನ ಕರೆದುಕೊಂಡು ಬರಲೇ ಎಂದರೆ ಬೇಡ, ನಾನೇ ಬರುತ್ತೇನೆ ಎಂದರು. "ಹನ್ನೊಂದೇ ನಿಮಿಷ ಅಲ್ವಾ?" ಎಂದು ನನ್ನ ಮಾತನ್ನೇ ನನಗೆ ತಿರುಗಿಸಿದರು.

ಮೂರು ಕಾಲಾಯಿತು. ಮೂರೂವರೆಯಾಯಿತು. ಆಸ್ಪತ್ರೆಗೆ ಫೋನು ಮಾಡಿದರೆ ಮೂರಕ್ಕೇ ಹೊರಟರು ಎಂದರು. ನಾನು ಬರಿಗಾಲಲ್ಲಿ ಗೇಟಿಗೆ ಓಡಿದೆ. ಬೀದಿ ಈ ತುದಿಯಿಂದ ಆ ತುದಿಯವರೆಗೆ ಖಾಲಿ. ದೊಡ್ಡ ರಸ್ತೆಯವರೆಗೆ ಓಡಿದೆ, ಆಸ್ಪತ್ರೆಯವರೆಗೆ ಓಡಿದೆ. ದಾರಿಯುದ್ದಕ್ಕೂ ಇಲ್ಲ. ವಾಪಸು ಬರುವಾಗ ನಮ್ಮ ಮನೆಗೆ ನಾಲ್ಕು ಮನೆ ಮೊದಲು, ಬೀಗ ಹಾಕಿದ್ದ ಒಂದು ಮನೆಯ ಜಗಲಿಯ ಮೇಲೆ, ಹೋಗುವಾಗ ನನಗೆ ಕಾಣದಂತೆ ಕಾಂಪೌಂಡಿನ ಮರೆಯಲ್ಲಿ, ಅವರು ಕೂತಿದ್ದರು. ಕೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ನೆಟ್ಟಗೆ ಕೂತಿದ್ದರು.

"ರೀ!"

"ಬಂದ್ಯಾ," ಎಂದರು. "ಕಾಲಿಗೆ ಚಪ್ಪಲಿ ಇಲ್ವಲ್ಲೇ?"

ಮೂರು ಗೇಟು ತೆಗೆದು ನೋಡಿದರಂತೆ. ಎಲ್ಲ ಗೇಟಿನ ಚಿಲಕವೂ ಒಂದೇ ಥರ, ಎಲ್ಲ ಮನೆಯ ಮೆಟ್ಟಿಲೂ ಮೂರು. ಬೀದಿಯ ಎರಡೂ ಗೋಡೆಯಿಂದ ಕೋಲಿನ ಸದ್ದು ಒಂದೇ ರೀತಿ ಬರುತ್ತಂತೆ, ಹಾಗಾಗಿ ಎಡ ಯಾವುದು ಬಲ ಯಾವುದು ಎನ್ನುವುದೂ ಸ್ವಲ್ಪ ಹೊತ್ತಿಗೆ ಕಲಸಿಹೋಯಿತಂತೆ. ಕಾರೊಂದು ಸದ್ದೇ ಮಾಡದೆ ಪಕ್ಕದಲ್ಲಿ ಹಾದುಹೋದಾಗ ಹೆದರಿ ಸಿಕ್ಕ ಗೇಟಿನೊಳಗೆ ನುಗ್ಗಿದರಂತೆ. ಇದೆಲ್ಲ ಹೇಳುವಾಗ ನಗುತ್ತಲೇ ಇದ್ದರು.

"ಎರಡನೇ ಗೇಟಲ್ಲಿ ಒಬ್ರು ಹೆಂಗಸು ಬಂದ್ರು. ನಮ್ಮನೆ ಎಲ್ಲಿ ಅಂತ ಕೇಳೋಣ ಅಂತ ಕೈ ಮುಂದೆ ಮಾಡ್ದೆ. ಕೈಯಲ್ಲಿ ಇದನ್ನಿಟ್ಟು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು."

ಅಂಗೈ ಬಿಚ್ಚಿದರು. ಒಂದು ನಾಣ್ಯ.

ನನ್ನ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಉರಿಯಬೇಕು ಎಂದು ತಿಳಿಯದೆ ಅವರ ಮೇಲೆಯೇ ಹರಿಹಾಯ್ದೆ. "ಯಾಕೆ ಇಸ್ಕೊಂಡ್ರಿ ಅದನ್ನ? ನಾಲ್ಕು ಮನೆ ಆಚೆ ನಾನಿದ್ದೆ! ಒಂದು ಸಲ ಜೋರಾಗಿ ಕೂಗಿದ್ರೆ ಓಡಿ ಬರ್ತಿದ್ನಲ್ಲ? ಗಡಿಬಿಡಿ ಅಂತ ಒಂದು ಕೂಗು ಹಾಕೋಕೆ ಏನಾಗಿತ್ತು ನಿಮಗೆ?"

"ಇಲ್ಲಿ ಕೂಗಬಾರ್ದಲ್ಲ," ಎಂದರು.

ಹತ್ತಿರ ಕೂತು ಅವರ ಕೈ ಹಿಡಿದುಕೊಂಡೆ. ಆ ಕೈ ತಣ್ಣಗಿತ್ತು.

"ಹಳೇ ಊರಲ್ಲಿ ಕಿವಿ ಮುಚ್ಕೊಂಡು ಕೂರ್ತಿದ್ರಲ್ಲ ರೀ. ಅದಕ್ಕೇ ನಾನು..."

"ಅದು ಫೋನಿನ ಗುಂಯ್‌ಗುಡೋದು ಕಣೇ, ಬೀದಿದಲ್ಲ. ಬೀದಿ ಮಾತಾಡ್ತಾ ಇದ್ರೆ ನಂಗೆ ದಾರಿ ಕಾಣುತ್ತೆ. ಇಲ್ಲಿ ಯಾವ್ದೂ ಮಾತಾಡಲ್ಲ. ಕತ್ತಲು ಅಂತೀರಲ್ಲ ನೀವೆಲ್ಲ, ಹೀಗೇ ಇರ್ಬೇಕು ಅದು."

"ಮೊದಲೇ ಹೇಳೋಕೇನಾಗಿತ್ತು?"

"ನೀನು ಫೋನಲ್ಲಿ ಎಷ್ಟು ಖುಷಿಯಾಗಿದ್ದೆ ಅಂದ್ರೆ..." ಎನ್ನುತ್ತಾ ಅವರು ಕೋಲೂರಿ ಎದ್ದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನಾಣ್ಯದ ಕಥೆ ಕೇಳಿದರು. ನೇರ ಒಳಗೆ ಹೋಗಿ ಡಬ್ಬಿ ತೆಗೆದು ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಜಣ್ ಎಂದಿತು. ಸೋಫಾದಲ್ಲಿ ಕುಗ್ಗಿ ಕೂತಿದ್ದ ನನ್ನ ಗಂಡ ತಲೆಯೆತ್ತಿ ಸರಿಯಾಗಿ ಅಮ್ಮನ ಕಡೆಗೆ ಮುಖ ತಿರುಗಿಸಿದರು. ಅತ್ತೆ ಅಡುಗೆಮನೆಗೆ ಹೋದರೆ ಮುಖ ಅಡುಗೆಮನೆಗೆ ಹೋಯಿತು, ಕಿಟಕಿಗೆ ಹೋದರೆ ಕಿಟಕಿಗೆ. ಎರಡು ತಿಂಗಳಿಂದ ಆ ಮುಖ ಹಾಗೆ ತಿರುಗಿದ್ದನ್ನು ನಾನು ನೋಡಿರಲಿಲ್ಲ.

"ಆ ಕೀಲಿಗಳು..." ಎಂದೆ.

"ಇವನಿಗೆ ಒಂಬತ್ತು ತಿಂಗಳು ಆಗ. ಅಂಬೆಗಾಲಿಡ್ತಾ ಅಮ್ಮ ಎಲ್ಲಿ ಅಂತ ಗೋಡೆ ಗೋಡೆಗೆ ಹೋಗಿ ತಲೆ ಹೊಡ್ಕೋತಿದ್ದ," ಎಂದರು ಅತ್ತೆ. "ಗುಜರಿ ಅಂಗಡೀಲಿ ತೂಕಕ್ಕೆ ತಂದೆ ಇವನ್ನ. ಒಂದಕ್ಕೂ ಬೀಗ ಇಲ್ಲ ಕಣೇ. ನೀನು ಯಜಮಾನಿಕೆ ಅಂದ್ಕೊಂಡೆ, ಅಂದ್ಕೋ ಅಂತ ಸುಮ್ನಿದ್ದೆ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಮಾತು ನನ್ನ ಹತ್ತಿರ ಇಲ್ಲ. ಹಿಂದಿನ ಕೋಣೆಗೆ ಹೋಗಿ ಕಂಬಳಿಯ ಮೇಲೆ ಕೂತ ಮಷೀನನ್ನು ನೋಡಿದೆ. ಹದಿನಾಲ್ಕು ವರ್ಷ ಅವರು ಬೀದಿಯ ಕೊನೆಯಿಂದ ನೇರ ನಮ್ಮ ಬಾಗಿಲಿಗೆ ಬಂದದ್ದು ಇದರ ಸದ್ದು ಹಿಡಿದುಕೊಂಡು. ಅದನ್ನು ನನ್ನ ಕೈಯಾರೆ ಮೂಲೆಗೆ ತಳ್ಳಿ, ಕಂಬಳಿ ಹಾಸಿ, ಬಾಗಿಲು ಮುಚ್ಚಿದ್ದೆ. ಅಗ್ಗದ ಬಾಡಿಗೆಗೆ ನಾನು ಮಾರಿದ್ದು ಅದನ್ನೇ.

ಮಾರನೆಯ ಬೆಳಿಗ್ಗೆ ಅತ್ತೆ ನಾಣ್ಯ ಹಿಡಿದುಕೊಂಡು ಬೀದಿಗಿಳಿದರು. ಒಂದೊಂದೇ ಗೇಟು ಬಡಿದು, ಜಣಜಣ ಎನ್ನಿಸುತ್ತಾ, "ನಿನ್ನೆ ನಮ್ಮ ಹುಡುಗನ ಕೈಗೆ ಇದನ್ನ ಕೊಟ್ಟೋರು ನೀವಾ?" ಎಂದು ಕೇಳುತ್ತಾ ಹೋದರು. ನಲವತ್ತಾರು ವರ್ಷದ ಹುಡುಗ. ಐದನೆಯ ಮನೆಯ ಹೆಂಗಸು ಸಿಕ್ಕಿಬಿದ್ದರು. ಅತ್ತೆ ಬೈಯಲಿಲ್ಲವಂತೆ. "ಮನಸ್ಸು ಒಳ್ಳೇದು ಕಣಮ್ಮ ನಿಂದು. ಇನ್ನೊಂದ್ಸಲ ಕೊಡೋಕೆ ಮುಂಚೆ ಏನು ಬೇಕಪ್ಪ ಅಂತ ಕೇಳು," ಎಂದು ನಾಣ್ಯ ವಾಪಸು ಇಟ್ಟು ಬಂದರಂತೆ. ಆ ಮಾತು ನನಗೂ ಸೇರಿಯೇ ಇತ್ತು.

ಹೆಡ್‌ಮಿಸ್ಟ್ರೆಸ್ ಕೆಟ್ಟವರಲ್ಲ. ವಿಷಯ ತಿಳಿದ ಮೇಲೆ ಮಷೀನನ್ನು ಮುಂದಿನ ಕಿಟಕಿಗೆ ಹಾಕಿಕೊಳ್ಳಿ, ಬಾಡಿಗೆ ಏರಿಸುವುದಿಲ್ಲ ಎಂದರು. ನನಗೆ ಜೀವ ಬಂದಂತಾಯಿತು. ಅಡುಗೆಮನೆ ಉಳಿಯಿತು! ಆದರೆ ಮಷೀನು ನಮ್ಮ ಬಾಗಿಲು ತೋರಿಸೀತೇ ಹೊರತು, ಆ ಇಡೀ ಉದ್ದದ ಬೀದಿಗೆ ಅದು ಒಂದೇ ಸಾಲುತ್ತದೆಯೇ? ನಾನೇ ಬೀದಿಯ ತುದಿಗೆ ಹೋಗಿ ಕಣ್ಣು ಮುಚ್ಚಿ ಇಪ್ಪತ್ತು ಹೆಜ್ಜೆ ಹಾಕಿದೆ. ಹನ್ನೆರಡನೆಯದಕ್ಕೆ ನಿಂತಿದ್ದ ಕಾರಿಗೆ ಮೊಣಕಾಲು ಬಡಿಯಿತು.

ಮುಂದಿನ ಭಾನುವಾರ, ವಾಯುವಿಹಾರ ಎಂದು ಸುಳ್ಳು ಹೇಳಿ, ಗಂಡನನ್ನು ಆಸ್ಪತ್ರೆಯಿಂದ ಕಾಲು ಗಂಟೆ ನಡಿಗೆಯ ತಗಡಿನವನ ಬೀದಿಗೆ ಕರೆದುಕೊಂಡು ಹೋದೆ. ಭಾನುವಾರವೂ ಅಲ್ಲಿ ಬಡಿತ ನಿಂತಿರಲಿಲ್ಲ. ಬೀದಿಯ ಬಾಯಲ್ಲಿ ಅವರು ನನ್ನ ತೋಳಿನಿಂದ ಕೈ ಬಿಡಿಸಿಕೊಂಡರು.

"ಎಡಗಡೆ ತಗಡು ಬಡೀತಾರೆ. ಬಲಗಡೆ ಗಾಳಿ ತುಂಬೋದು. ಇಲ್ಲಿ ಗೋಡೆ ಬಿಸಿಯಿದೆ, ಬೇಕರಿ," ಎನ್ನುತ್ತಾ ಕೋಲೂರಿ ನಡೆದೇಬಿಟ್ಟರು. "ನಲ್ಲಿ ಸೋರ್ತಿದೆ ಕಣೇ, ಯಾರೂ ರಿಪೇರಿ ಮಾಡ್ದೇ ಇರ್ಲಿ ದೇವ್ರೇ." ಚರಂಡಿಯ ಕಲ್ಲು ಡಬ್ ಎಂದಾಗ ಅದರ ಮೇಲೆ ಹಿಂದೆ ಮುಂದೆ ಎರಡು ಸಲ ಹೆಜ್ಜೆ ಹಾಕಿ ನಕ್ಕರು. ನಾನು ಹಿಂದೆ ಉಳಿದೆ. ಆ ಬೀದಿಯಲ್ಲಿ ನಾನು ಅವರಿಗೆ ಬೇಕಾಗಿರಲಿಲ್ಲ, ಅದನ್ನು ನೋಡಿ ನನಗೆ ಆದಷ್ಟು ಸಂತೋಷ ಬೇರೆ ಯಾವುದರಿಂದಲೂ ಆಗಿಲ್ಲ.

ದಲ್ಲಾಳಿಗೆ ಫೋನು ಮಾಡಿದೆ. "ಅಮ್ಮ, ಅವತ್ತು ಕಿವಿ ಮುಚ್ಕೊಂಡು ಓಡಿಹೋದ್ರಲ್ಲ, ಆ ಮನೆನಾ?" ಎಂದ. ಹೌದಪ್ಪ, ಅದೇ ಮನೆ. ಬಾಡಿಗೆ ಹೆಚ್ಚು, ಕೋಣೆ ಕಡಿಮೆ, ಬಿಸಿಲು ದಿನಕ್ಕೆ ಒಂದು ಗಂಟೆ, ಅದೂ ಬಚ್ಚಲಿಗೆ. ಎಲ್ಲರೂ ಅಗ್ಗದಿಂದ ಒಳ್ಳೆಯದಕ್ಕೆ ಹೋಗುತ್ತಾರೆ, ಇಲ್ಲವೇ ಒಳ್ಳೆಯದರಿಂದ ಅಗ್ಗಕ್ಕೆ ಇಳಿಯುತ್ತಾರೆ. ನಾವು ಎರಡನ್ನೂ ಬಿಟ್ಟು ಹೊರಟಿದ್ದೆವು. ಹೊಸ ಬಡಾವಣೆ ಬಿಡುವ ದಿನ ನಾನು ಅಡುಗೆಮನೆಯ ಬಿಸಿಲಲ್ಲಿ ಕೂತು ಅತ್ತುಬಿಟ್ಟೆ. ಗಂಡನಿಗಾಗಿ ಅಲ್ಲ, ಆ ಎರಡು ಕಿಟಕಿಗಳಿಗಾಗಿ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ತಗಡಿನ ಬೀದಿಯಲ್ಲಿ ನನಗೆ ಮೊದಲ ತಿಂಗಳು ತಲೆ ಸಿಡಿಯುತ್ತಿತ್ತು. ಕಿವಿಗೆ ಹತ್ತಿ ತುರುಕಿಕೊಂಡು ಅಡುಗೆ ಮಾಡಿದೆ. ತಗಡಿನವನಿಗೆ ದಿನಕ್ಕೊಂದು ಹೊಸ ಶಾಪ ಹಾಕಿದೆ. ಆದರೆ ಬೆಳಿಗ್ಗೆ ಆರೂವರೆಗೆ ಗಂಡ ಮೊಳೆಯಿಂದ ಕೋಲು ತೆಗೆದುಕೊಂಡು, "ಬರ್ತೀನಿ" ಎಂದು ಒಬ್ಬರೇ ಹೋಗುತ್ತಿದ್ದರು, ಮೂರು ಕಾಲಿಗೆ ಒಬ್ಬರೇ ಬರುತ್ತಿದ್ದರು. ಬೇಕರಿಯ ಹೆಂಗಸು, ಗ್ಯಾರೇಜಿನ ಮೆಕ್ಯಾನಿಕ್, ಎಲ್ಲರೂ ಹರಿದ ಬಟ್ಟೆ ಹಿಡಿದು ನನ್ನ ಬಾಗಿಲಿಗೆ ಬರತೊಡಗಿದರು. ಹೆಚ್ಚಿದ ಬಾಡಿಗೆ ಹೊಲಿಗೆಯಿಂದ ಪೂರ್ತಿ ಹುಟ್ಟುವುದಿಲ್ಲ. ಅಷ್ಟಿಷ್ಟು ಹುಟ್ಟುತ್ತದೆ, ಉಳಿದದ್ದಕ್ಕೆ ಬೆಳಗಿನ ಕಾಫಿಗೆ ಹಾಲು ಕಡಿಮೆ ಮಾಡಿದ್ದೇವೆ.

ಹೀಗಿರುವಾಗ ತಗಡಿನವನ ಮಗಳ ಮದುವೆ ಬಂತು. ಬೀದಿಗೆ ಬೀದಿಯೇ ಹೊರಟಿತು. ನಮ್ಮನ್ನೂ ಕರೆದಿದ್ದರು, ಗಂಡನಿಗೆ ರಜೆಯಿರಲಿಲ್ಲ, ಸಂಜೆ ಹೋಗೋಣ ಎಂದುಕೊಂಡಿದ್ದೆವು. ಆ ಮಧ್ಯಾಹ್ನ ನಾನು ಮಷೀನಿನ ಮೇಲೆ ಬಟ್ಟೆ ಹೊದಿಸಿ, ಆಹಾ, ಎಷ್ಟು ದಿನದ ಮೇಲೆ ಶಾಂತಿ ಎಂದು ಕಾಲು ಚಾಚಿ ಮಲಗಿದೆ. ಮಲಗಿದವಳು ತಟ್ಟನೆ ಎದ್ದು ಕೂತೆ.

ತಗಡಿಲ್ಲ. ಗ್ಯಾರೇಜಿಲ್ಲ. ಬೇಕರಿಯ ಒಲೆ ಹೊತ್ತಿಸಿಲ್ಲ. ಪುಣ್ಯಾತ್ಮರು ಯಾರೋ ಹೋದ ವಾರವೇ ನಲ್ಲಿಯನ್ನೂ ರಿಪೇರಿ ಮಾಡಿದ್ದರು. ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು.

"ಅತ್ತೆ! ಬೀದಿ ಆರಿಹೋಗಿದೆ!" ಎಂದು ಕಿರುಚಿದೆ.

ಅತ್ತೆಗೆ ಬಿಡಿಸಿ ಹೇಳಬೇಕಾಗಲಿಲ್ಲ. ಗೊಂಚಲು ಜಣಗುಟ್ಟಿಸುತ್ತಾ ಬೇಕರಿಯ ಮೂಲೆಯತ್ತ ಹೊರಟರು. ನಾನು ಮಷೀನಿಗೆ ಹೊದಿಸಿದ್ದನ್ನು ಕಿತ್ತೆಸೆದು, ಅದನ್ನು ಕಿಟಕಿಯಿಂದ ಬಾಗಿಲಿನವರೆಗೆ ದರದರ ಎಳೆದು, ಎರಡೂ ಕದ ತೆರೆದು ತುಳಿಯತೊಡಗಿದೆ. ಹೊಲಿಯಲು ಕೈಯಲ್ಲಿ ಏನೂ ಇರಲಿಲ್ಲ. ಹುಡುಕುವಷ್ಟು ಪುರುಸೊತ್ತೂ ಇರಲಿಲ್ಲ. ಖಾಲಿ ಮಷೀನು ಕಟಕಟ ಕಟಕಟ ಎಂದು ಅರಚಿತು. ಬಟ್ಟೆ ಇಡದೆ ಓಡಿಸಿದರೆ ಅದನ್ನು ತಳ್ಳುವ ಕೆಳಗಿನ ಹಲ್ಲು ಸವೆದುಹೋಗುತ್ತದೆ ಎಂದು ಹೊಲಿಗೆ ಕಲಿಯುವ ಮೊದಲ ದಿನವೇ ಹೇಳಿಕೊಡುತ್ತಾರೆ. ಸವೆಯಲಿ ಎಂದು ತುಳಿದೆ. ಕಾಲು ನೋಯುವವರೆಗೆ ತುಳಿದೆ.

ಬಾಗಿಲಿನಿಂದ ಬೀದಿಯ ಬಾಯಿ ಕಾಣುತ್ತದೆ. ಅವರು ಬಂದು ಅಲ್ಲಿ ನಿಂತರು. ಕೋಲಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಟ್ಟಿದರು, ತಲೆ ಓರೆ ಮಾಡಿದರು. ಹೊಸ ಬಡಾವಣೆಯ ಜಗಲಿಯ ಮೇಲೆ ನೆಟ್ಟಗೆ ಕೂತಿದ್ದ ಮನುಷ್ಯ ನನ್ನ ಕಣ್ಣ ಮುಂದೆ ಬಂದ. ನಾನು ಇನ್ನೂ ಜೋರಾಗಿ ತುಳಿದೆ.

ಆಗ ಅವರು ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ಬಾಯಿಯ ಸುತ್ತ ಹಿಡಿದು, ಇಡೀ ಬೀದಿಗೆ ಕೇಳುವಂತೆ ಕೂಗಿದರು.

"ಏ ಗಡಿಬಿಡೀ... ಬಟ್ಟೆ ಇಟ್ಟು ಹೊಲಿಯೇ!"

ಮೂಲೆಯಲ್ಲಿ ಅತ್ತೆ ಜಣಜಣ ಎನ್ನುತ್ತಾ ನಕ್ಕರು. ನಾನು ಅಳುತ್ತಾ, "ಮೊದ್ಲು ಮನೆಗೆ ಬನ್ನಿ ರೀ!" ಎಂದು ಅಷ್ಟೇ ಜೋರಾಗಿ ಕೂಗಿದೆ. ಅವರು ಕೋಲು ಕೈಗೆ ತೆಗೆದುಕೊಂಡು ನೇರ ನಮ್ಮ ಬಾಗಿಲಿಗೆ ನಡೆದು ಬಂದರು.